ಐದಿಂಚೋ ಎಂಟಿಂಚೋ

“ಐದಿಂಚಿಂದು ತಕ್ಕೊ ಅಂತ ಈಗ ತಾನೆ ಅಂದ್ರಲ್ಲ ಸಾರ್?” ಎಂದು ಶೋಭಿತಾ ಕೇಳಿದಳು.

“ಅಂದೆ. ಆದ್ರೆ ಎಂಟಿಂಚಿಂದ್ರಲ್ಲಿ ಒಂದ್ ಸಲ ಸನಿಗ್ರಹ ನೋಡ್ಬುಟ್ರೆ, ಆಮೇಲೆ ನೀನು ಇದ್ರ ಕಡೆ ತಿರುಗೂ ನೋಡಾಕಿಲ್ಲ ಕಣವ್ವ,” ಎಂದರು ಮರಿಸಿದ್ದಯ್ಯ.

ಮಂಡ್ಯದ ಗುತ್ತಲಿನ ಆ ಮನೆಯ ವರಾಂಡದಲ್ಲಿ ಎರಡು ಟೆಲಿಸ್ಕೋಪುಗಳು ನಿಂತಿದ್ದವು. ಎರಡೂ ಕನ್ನಡಿಯವು. ಕೊಳವೆಯ ತಳದಲ್ಲಿರುವ ಕನ್ನಡಿಗೆ ಬೆಳಕು ಬಿದ್ದು, ತಿರುಗಿ ಬಂದು, ಪಕ್ಕದ ತೂತಿನಲ್ಲಿ ಕಾಣಬೇಕು. ಎಂಟಿಂಚಿನ ಕನ್ನಡಿಯದು ನೀರಿನ ಡ್ರಮ್ಮಿನಷ್ಟು ದಪ್ಪಗೆ ಮರದ ಪೀಠದ ಮೇಲೆ ಕೂತಿತ್ತು. ಐದಿಂಚಿನದು ಮೂರು ಕಾಲಿನ ಸ್ಟ್ಯಾಂಡಿನ ಮೇಲಿತ್ತು, ಸ್ಟ್ಯಾಂಡಿಗೊಂದು ಪುಟ್ಟ ಮೋಟಾರು. ಐಟಿಐ ಮೇಷ್ಟರ ಕೆಲಸದಿಂದ ನಿವೃತ್ತರಾದ ಮರಿಸಿದ್ದಯ್ಯ ಎರಡನ್ನೂ ಮಾರುವುದಾಗಿ ಫೇಸ್‌ಬುಕ್ಕಿನಲ್ಲಿ ಹಾಕಿದ್ದರು. ಯಾವುದು ತಗೊಂಡರೂ ಒಂದೇ ರೇಟು. ಹೊಸದು ಕೊಳ್ಳುವ ಶಕ್ತಿಯಿಲ್ಲದ ಶೋಭಿತಾ ಮದ್ದೂರಿನ ಸ್ಟುಡಿಯೋಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು.

ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ಮುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ಅವಳ ಕೆಲಸ. ಗಂಡು ಹೆಣ್ಣಿನ ಬೆನ್ನ ಹಿಂದೆ ಹುಣ್ಣಿಮೆಯ ಚಂದ್ರನನ್ನು ಅಂಟಿಸಬೇಕು. ನಾಲ್ಕು ವರ್ಷದಿಂದ ಅಂಟಿಸಿದ್ದು ಒಂದೇ ಚಂದ್ರನನ್ನು, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದು. ಯಾವ ದೇಶದಲ್ಲಿ ಯಾರು ತೆಗೆದರೋ. ತಾನೇ ಒಂದು ತೆಗೆಯಬೇಕು, ಚಂದ್ರ ಆದ ಮೇಲೆ ಮಹಾವ್ಯಾಧ ನಕ್ಷತ್ರಪುಂಜದ ಸೊಂಟದ ಕೆಳಗಿನ ಆ ಮೋಡದಂಥ ಬೆಳಕನ್ನೂ ತೆಗೆಯಬೇಕು ಎಂದು ಅವಳಿಗೆ ಹತ್ತಿದ ಹುಚ್ಚಿಗೆ ಒಂದು ವರ್ಷ ತುಂಬಿತ್ತು. ನೋಡಿದ ವಿಡಿಯೋಗಳಿಗೆ ಲೆಕ್ಕವಿಲ್ಲ. ಒಬ್ಬ ಕನ್ನಡಿ ದೊಡ್ಡದಿರಲಿ ಎಂದರೆ ಇನ್ನೊಬ್ಬ ಕನ್ನಡಿ ಬಿಡಿ, ಸ್ಟ್ಯಾಂಡು ನೋಡಿ ಎನ್ನುತ್ತಿದ್ದ. ಇಲ್ಲಿ ಅವೆರಡನ್ನೂ ಒಬ್ಬರೇ ಹೇಳುತ್ತಿದ್ದರು.

“ನಂಗೆ ನೋಡೋಕಲ್ಲ ಸಾರ್, ಫೋಟೊ ತೆಗೆಯೋಕೆ. ದೊಡ್ಡದಕ್ಕೆ ಮೋಟಾರಿಲ್ಲ, ನಕ್ಷತ್ರದ ಹಿಂದೆ ತಿರುಗಲ್ಲ. ಚುಕ್ಕಿ ಎಲ್ಲಾ ಗೆರೆ ಗೆರೆ ಬರಲ್ವ?”

“ಬತ್ತವೆ. ಆದ್ರೆ ಮೋಟಾರು ಕೆಟ್ರೆ ಮಂಡ್ಯದಾಗೆ ಯಾರವ್ರೆ ಮಾಡಾಕೆ?”

“ಹಂಗಾದ್ರೆ ದೊಡ್ಡದೇ ತಗೊಳ್ಲಾ?”

“ತಕ್ಕೊ. ಬಸ್ಸಲ್ಲಿ ಎಂಗ್ ಓಯ್ತೀಯೆ ಅಷ್ಟು ದೊಡ್ಡದ ಎತ್ಕಂಡು? ಆಟೊ ನಾನೇ ಮಾಡಿಸ್ಕೊಡ್ತೀನಿ ಬುಡು.”

ಶೋಭಿತಾಳಿಗೆ ತಲೆ ಗಿರ್ರೆಂದಿತು. ಬಂದಾಗ ಅಷ್ಟಿಷ್ಟು ಗೊತ್ತಿದ್ದದ್ದೂ ಈಗ ಕಲಸಿಹೋಗಿತ್ತು. ಮೇಷ್ಟರು ಸ್ಕ್ರೂಡ್ರೈವರ್ ಹುಡುಕಲು ಒಳಗೆ ಹೋದರು. ಅವರ ಹೆಂಡತಿ ಬೆಟ್ಟಮ್ಮ ಕಾಫಿ ಲೋಟ ಕೊಟ್ಟು, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಚಿಕ್ಕದು ತಕಂಡೋಗವ್ವ. ನಿನಗಿಂತ ಮುಂಚೆ ಮೂರು ಜನ ಬಂದಿದ್ರು. ಎಲ್ರಿಗೂ ಇಂಗೇ ತಲೆ ಕೆಡ್ಸಿ ವಾಪಸ್ ಕಳಿಸವ್ರೆ. ದೊಡ್ಡದು ಎತ್ತಾಕೆ ಇವ್ರ ಕೈಲಿ ಆಗಾಕಿಲ್ಲ, ಅದು ಇದ್ದಲ್ಲೇ ಇರ್ತದೆ. ಈ ಚಿಕ್ಕದ ಎತ್ಕಂಡು ಮಾಡಿ ಮೆಟ್ಲು ಅತ್ತಾಕೋಗಿ ಎರಡ್ ಸಲ ಬಿದ್ರು ಕಣವ್ವ. ಮಂಡಿಗೆ ರಾಡ್ ಆಕವ್ರೆ. ಮೂರನೇ ಸಲ ಬಿದ್ರೆ ನಾ ಎಲ್ಲಿಗ್ ಓಗ್ಲಿ?”

ಮರಿಸಿದ್ದಯ್ಯ ಕುಂಟುತ್ತ ಬಂದರು. ಶೋಭಿತಾ ಲೋಟ ಕೆಳಗಿಟ್ಟಳು.

“ಸಾರ್, ನೀವು ಫೋಟೊ ತೆಗೆದಿದ್ದು ಯಾವುದ್ರಲ್ಲಿ?”

ಅವರು ಹೆಂಡತಿಯ ಮುಖ ನೋಡಿದರು. ಬೆಟ್ಟಮ್ಮ ಸೆರಗಿನಿಂದ ಬಾಗಿಲ ಚಿಲಕ ಒರೆಸುತ್ತಿದ್ದರು.

“ಚಿಕ್ಕದ್ರಲ್ಲಿ,” ಎಂದರು ಕೊನೆಗೆ. “ಎಲ್ಲಾ ಚಿಕ್ಕದ್ರಲ್ಲೇ.”

ಆಮೇಲೆ ಅವರ ಮಾತಿನಲ್ಲಿ ಗೊಂದಲವಿರಲಿಲ್ಲ. ಇಂಥದ್ದಕ್ಕೆ ಕ್ಯಾಮೆರಾ ಹಾಕಿದರೆ ಸುಮ್ಮನೆ ಫೋಕಸ್ ಸಿಕ್ಕುವುದಿಲ್ಲ; ಕನ್ನಡಿಯನ್ನು ಒಂದು ಬೆರಳಿನಷ್ಟು ಮೇಲಕ್ಕೆ ತರಬೇಕು, ಅದನ್ನು ನಾನೇ ಮಾಡಿದ್ದೇನೆ, ಕನ್ನಡಿಯ ಹಿಂದಿನ ಆ ಮೂರು ಸ್ಕ್ರೂ ಯಾರ ಕೈಗೂ ಕೊಡಬೇಡ ಎಂದರು. ಶೋಭಿತಾ ದುಡ್ಡು ಕೊಟ್ಟ ಮೇಲೆ ಸ್ಟ್ಯಾಂಡು, ಮೋಟಾರು ಬಿಚ್ಚಿ ಚೀಲಕ್ಕೆ ಹಾಕಿ, ಕೊಳವೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ಗೇಟಿನವರೆಗೆ ಬಂದು, ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿ ಒಳಗೆ ಹೋದರು.

ಬಸ್ಸು ಗೆಜ್ಜಲಗೆರೆ ಮುಟ್ಟುವಾಗ ಫೋನು ಬಂತು. ಶೋಭಿತಾ ತೊಡೆಯ ಮೇಲಿನ ಕೊಳವೆಯನ್ನು ಒಂದು ಕೈಯಲ್ಲಿ ಅವುಚಿಕೊಂಡು ಫೋನೆತ್ತಿದಳು.

“ಎಲ್ಲಿದ್ದೀಯವ್ವ? ಗೆಜ್ಜಲಗೆರೆಯಾ? ಅಲ್ಲೇ ಇಳ್ಕೊ. ನಾನು ಇನ್ನೊಂದ್ ಸಲ ಯೋಚ್ನೆ ಮಾಡ್ದೆ. ನಿನಗೆ ಎಂಟಿಂಚಿಂದೇ ಸರಿ. ಈ ಕಡೆ ಬರೋ ಬಸ್ಸು ಅತ್ಕಂಡು ವಾಪಸ್ ಬಾ.”

ಫೋನಿನಲ್ಲಿ ಅವರ ಹಿಂದಿನಿಂದ ಬೆಟ್ಟಮ್ಮನ ಕೂಗು ಕೇಳಿತು. “ಇಳೀಬ್ಯಾಡ ಕಣವ್ವ! ಓಯ್ತಾ ಇರು!”

ಬಸ್ಸು ನಿಂತಿತು. “ಯಾರ್ರೀ ಇಳಿಯೋರು, ಬೇಗ!” ಎಂದು ಕಂಡಕ್ಟರು ಅವಳನ್ನೇ ನೋಡಿದ. ಶೋಭಿತಾ ಅರ್ಧ ಎದ್ದಳು, ಕೂತಳು. ಫೋನಿನಲ್ಲಿ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು.

“ಸಾರ್,” ಎಂದಳು. “ಮದ್ದೂರು ಕಡೆ ಕೊಪ್ಪದಲ್ಲಿ ನಮ್ದು ಹೆಂಚಿನ ಮನೆ. ಮಾಡಿಗೀಡಿ ಏನೂ ಇಲ್ಲ, ಒಂದೂ ಮೆಟ್ಲಿಲ್ಲ. ಅಂಗಳದಲ್ಲೇ ಇಡ್ತೀನಿ. ಭಾನುವಾರ ನೀವೂ ಅಮ್ಮನೂ ಬನ್ನಿ.”

ಮರಿಸಿದ್ದಯ್ಯ ಹೆಂಡತಿಗೆ ‘ತಡಿ’ ಎಂದದ್ದು ಕೇಳಿಸಿತು.

“ಅಂಗಳದಿಂದ ಮೂಡ್ಲು ಕಡೆ ಆಕಾಸ ಕಾಣ್ತದಾ?”