ಮೂರು ತಿಂಗಳ ಚೀಲ

ಚನ್ನಾಜಮ್ಮನ ಹೊಟ್ಟೆಯೊಳಗೆಲ್ಲ ಕ್ಯಾನ್ಸರ್ ಹರಡಿತ್ತು. ಗಡ್ಡೆಗಳ ಜೊತೆ ಒಂದಿಷ್ಟು ಕರುಳನ್ನೂ ತೆಗೆದು, ತುದಿಗಳನ್ನು ಸೇರಿಸಿ ಹೊಲಿದು, ಬಿಸಿ ಮಾಡಿದ ಕೀಮೋ ಔಷಧಿಯಿಂದ ಹೊಟ್ಟೆಯನ್ನು ತೊಳೆಯಬೇಕೆಂದು ಡಾಕ್ಟರ್ ಫಿಲೋಮಿನಾ ಅವಳಿಗೂ ಗಂಡ ಲೋಕಪ್ಪನಿಗೂ ವಿವರಿಸಿದ್ದರು. ಆ ಔಷಧಿಯಿಂದ ಕರುಳಿನ ಹೊಲಿಗೆ ಕೂಡುವುದು ತಡವಾಗಬಹುದು. ಅದಕ್ಕೇ ಮೂರು ತಿಂಗಳು ಮಲ ಹೊಲಿಗೆಯ ಕಡೆ ಹೋಗದೆ ಹೊರಗೆ ಬರುವಂತೆ ಹೊಟ್ಟೆಗೆ ತೂತು ಮಾಡಿ ಅದರ ಮೇಲೊಂದು ಚೀಲ ಅಂಟಿಸುವುದು ಕ್ಷೇಮ ಎಂದೂ ಹೇಳಿದ್ದರು.

ಆಪರೇಷನ್ನಿನ ಹಿಂದಿನ ದಿನ ಚನ್ನಾಜಮ್ಮ ಒಬ್ಬಳೇ ಡಾಕ್ಟರ ಕೋಣೆಗೆ ಬಂದಳು.

"ಆ ಚೀಲ ಬ್ಯಾಡ ಕಣವ್ವ. ನಮ್ಮೆಜಮಾನ್ರಿಗೆ ಹೇಸಿಗೆ ಕಂಡ್ರಾಗಕಿಲ್ಲ. ಮಗು ಕಕ್ಕ ಮಾಡಿದ್ರೆ ಬೀದಿಗೆ ಓಡೋರು."

"ಹೊಲಿಗೆ ಬಿಟ್ಟರೆ ಜೀವಕ್ಕೇ ಅಪಾಯ, ಅಮ್ಮ."

"ಅವರು ನನ್ನ ಕಂಡು ಮೂಗು ಮುಚ್ಕೊಳೋದ ನೋಡೋದ್ಕಿಂತ ಅದೇ ವಾಸಿ. ನಾನು ಬ್ಯಾಡ ಅಂದೆ ಅಂತ ಮಾತ್ರ ಅವರಿಗೆ ಹೇಳ್ಬ್ಯಾಡಿ."

ಡಾಕ್ಟರು ಎಷ್ಟು ಹೇಳಿದರೂ ಕೇಳದೆ ಆಕೆ ಚೀಲ ಬೇಡವೆಂದು ಸಹಿ ಹಾಕಿಕೊಟ್ಟಳು. ಗಂಡನಿಗೆ ಹೇಳುವುದಿಲ್ಲವೆಂದು ಡಾಕ್ಟರು ಮಾತು ಕೊಡಬೇಕಾಯಿತು.

ಆರನೇ ದಿನ ಹೊಲಿಗೆ ಬಿಟ್ಟಿತು. ಮತ್ತೆ ಹೊಟ್ಟೆ ತೆರೆದು ತೊಳೆದರೂ ನಂಜು ಮೈಗೆಲ್ಲ ಏರಿತ್ತು. ಒಂಬತ್ತನೇ ದಿನ ತೀರಿಕೊಂಡಳು.

ಹೆಣ ಒಯ್ಯುವ ಮುಂಚೆ ಲೋಕಪ್ಪ ಡಾಕ್ಟರ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟ. ಒಳಗೆ ಹೊಟ್ಟೆಗೆ ಅಂಟಿಸುವ ಚೀಲಗಳಿದ್ದವು. ಕೊಟ್ಟ ಮಾತು ನೆನಪಾಗಿ ಡಾಕ್ಟರಿಗೆ ತಲೆಯೆತ್ತಲಾಗಲಿಲ್ಲ.

"ಬ್ಯಾರೆ ಯಾರಿಗಾರ ಕೊಡಿ ಡಾಕ್ಟ್ರೇ. ಆಪರೇಷನ್ಗೆ ಮುಂಚೆನೇ ತಂದಿಟ್ಟಿದ್ದೆ. ಎಲ್ಡು ಕಮ್ಮಿ ಅವೆ. ಅವಳಿಗೆ ನೋವಾಗ್ದಂಗೆ ಬಿಚ್ಚೋದ ಕಲೀಬೇಕು ಅಂತ ನನ್ನ ಹೊಟ್ಟೆಗೇ ಅಂಟಿಸ್ಕೊಂಡು ನೋಡಿದ್ದೆ."