ಆ ಕಡೆಯ ಅಂಚು

ಹಳೇ ರೇಷ್ಮೆ ಸೀರೆಯ ಎಡದಂಚನ್ನು ಸರಸರನೆ ಕತ್ತರಿಸುತ್ತಿದ್ದ ಹೊನ್ನಕ್ಕನ ಕೈ ಗಕ್ಕನೆ ನಿಂತಿತು. ಈರುಳ್ಳಿ ಬಣ್ಣದ ಒಡಲು, ಹಸಿರು ಅಂಚು, ಅಂಚಿನುದ್ದಕ್ಕೂ ಜರಿಯ ಪುಟ್ಟ ಗೋಪುರಗಳು. ಆ ಸಾಲಿನಲ್ಲಿ ಒಂದೇ ಒಂದು ಗೋಪುರಕ್ಕೆ ತುದಿಯಿಲ್ಲ. ಬೇರೆಯವರ ಕಣ್ಣಿಗೆ ಅದು ಬೀಳುವಂಥದ್ದೇ ಅಲ್ಲ, ಆದರೆ ಹೊನ್ನಕ್ಕ ಅದರ ಮೇಲೆ ಬೆರಳಾಡಿಸಿದಳು.

“ಯಾಕಕ್ಕ, ಕತ್ತರಿ ಮೊಂಡಾಯ್ತಾ?” ಚಳ್ಳಕೆರೆಯಲ್ಲಿ ಹಳೇ ಜರಿ ಸೀರೆ ಕೊಂಡು ಕೂಲಿಯವರಿಂದ ಅಂಚು ಬಿಡಿಸುವ ಜುಲ್ಫಿಕರ್ ತಕ್ಕಡಿಯ ಪಕ್ಕದಿಂದಲೇ ಕೇಳಿದ. “ಜಲ್ದಿ ಮಾಡಕ್ಕ. ಜರಿ ಒಯ್ಯೋಕೆ ಗಾಡಿ ಬರ್ತೈತೆ.”

“ಈ ಸೀರೆ ನಾ ನೇಯ್ದಿದ್ದು ಸಾಬ್ರೆ.”

ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧವೂ ಅವಳದಲ್ಲ. ಮೊಳಕಾಲ್ಮೂರಿನಲ್ಲಿ ಇಂಥ ಸೀರೆಗೆ ಒಂದೇ ಮಗ್ಗದಲ್ಲಿ ಇಬ್ಬರು ಕೂರಬೇಕು. ಒಡಲೂ ಬಲದಂಚೂ ನೇಕಾರನದು, ಎಡದಂಚಿಗೆ ಲಾಳಿ ಹಾಯಿಸುವುದು ಪಕ್ಕದಲ್ಲಿ ಕೂತವರ ಕೆಲಸ. ನೇಕಾರ ಈರೇಶ. ಪಕ್ಕದಲ್ಲಿ ಲಂಗದಾವಣಿಯ ಹೊನ್ನಕ್ಕ. ಒಂದು ಮಧ್ಯಾಹ್ನ ಅವನು ಏನನ್ನೋ ಗುನುಗುತ್ತಿದ್ದ. ಇವಳ ಕಣ್ಣು ಅವನ ಮುಖಕ್ಕೆ ಹೋದದ್ದು ಹಿಂದಕ್ಕೆ ಬರಲಿಲ್ಲ, ಲಾಳಿ ಕೈಯಲ್ಲೇ ಉಳಿಯಿತು. ಗೋಪುರಕ್ಕೆ ತುದಿ ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ನೇಯ್ಗೆ ಮುಂದೆ ಹೋಗಿತ್ತು. ಬೈಗುಳ ಕಾದಿದ್ದವಳಿಗೆ ಅವನು, “ಪೋನೀ, ಹೋಗ್ಲಿ ಬಿಡು,” ಎಂದಷ್ಟೇ ಹೇಳಿದ. ನಾಚಿಕೆಗೆ ಅವಳು ಮತ್ತೆ ಆ ಕಡೆ ತಲೆಯೆತ್ತಲಿಲ್ಲ, ನೇಯ್ದ ಬಟ್ಟೆ ಮಗ್ಗದ ದಿಂಡಿಗೆ ಸುತ್ತಿಕೊಂಡಿತು. ಆಮೇಲೆ ಈರೇಶ ಧರ್ಮಾವರದ ಮಗ್ಗಗಳಿಗೆ ಹೋದ. ಅವಳನ್ನು ಚಳ್ಳಕೆರೆಗೆ ಕೊಟ್ಟರು. ಗಂಡ ಒಳ್ಳೆಯವನೇ. ಆದರೂ, ಅವತ್ತು ಆಸೆಪಟ್ಟವಳು ತಾನೊಬ್ಬಳೇ ಎಂಬ ಕೊರಗು ಅವಳನ್ನು ಬಿಟ್ಟಿರಲಿಲ್ಲ.

“ಇದೊಂದನ್ನ ಸುಡಬೇಡ್ರಿ.”

“ಸುಟ್ರೆ ತಾನೆ ಅಕ್ಕ ಬೆಳ್ಳಿ ಸಿಗೋದು? ನಿಮ್ಮ ತವರೂರ ದಾರೀಲಿ ಹೊಲದ ತುಂಬ ಸೋಲಾರ್ ಪ್ಲೇಟು ನಿಲ್ಸವ್ರಲ್ಲ, ಅದರ ಮೇಲೆ ಸಣ್ಣ ಸಣ್ಣ ಗೆರೆ ಕಾಣ್ತಾವೆ ನೋಡು, ಅವೆಲ್ಲ ಬೆಳ್ಳಿ. ಪ್ಲೇಟ್ ಮಾಡೋರಿಗೆ ಗಣಿ ಬೆಳ್ಳಿ ಸಾಲ್ದೆ ನಮ್ಮ ಹಳೇ ಜರೀಗೂ ಬಂದವ್ರೆ. ಮೂಟೆ ತೂಕಾನೂ ಹೇಳಿಬಿಟ್ಟೀನಿ.” ಅವಳ ಮುಖ ನೋಡಿ ಅವನು ದನಿ ತಗ್ಗಿಸಿದ. “ಒಂದು ಗೇಣು ಇಟ್ಕೋ. ಅದಕ್ಕಿಂತ ಜಾಸ್ತಿ ಕೇಳಬೇಡ.”

ತುದಿಯಿಲ್ಲದ ಗೋಪುರ ನಡುವೆ ಬರುವಂತೆ ಹೊನ್ನಕ್ಕ ಒಂದು ಗೇಣು ಕತ್ತರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಡದಂಚಿನ ಉಳಿದದ್ದೆಲ್ಲ ಮೂಟೆಗೆ ಹೋಯಿತು. ಆಮೇಲೆ ಸೀರೆ ತಿರುಗಿಸಿ ಬಲದಂಚಿಗೆ ಕತ್ತರಿ ಹಾಕಿದಳು. ಗೋಪುರದ ಹಿಂದೆ ಗೋಪುರ, ಎಲ್ಲ ಅಚ್ಚುಕಟ್ಟು. ಈರೇಶನ ಕೈ ಎಂದರೆ ಹಾಗೆಯೇ, ಇಡೀ ಕೇರಿಯೇ ಹೊಗಳುತ್ತಿದ್ದ ಕೈ. ತಾನು ಗೇಣು ಕತ್ತರಿಸಿದ ಜಾಗಕ್ಕೆ ನೇರ ಎದುರಿಗೆ ಬಂದಾಗ ಅವಳಿಗೆ ಮುಂದೆ ಕತ್ತರಿಸಲಾಗಲಿಲ್ಲ. ಅಲ್ಲೂ ಒಂದು ಗೋಪುರಕ್ಕೆ ತುದಿಯಿರಲಿಲ್ಲ.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಜುಲ್ಫಿಕರ್ ಮೂಟೆಯ ಬಾಯಿ ಕಟ್ಟಲು ಬಂದ. ಹೊನ್ನಕ್ಕ ಸೊಂಟದಲ್ಲಿದ್ದ ತುಂಡನ್ನು ತೆಗೆದು ಮೂಟೆಯೊಳಕ್ಕೆ ಹಾಕಿದಳು. ಬಲದಂಚಿನಲ್ಲಿ ಆ ಗೋಪುರವಿದ್ದ ಒಂದು ಗೇಣು ಕತ್ತರಿಸಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಯಾಕಕ್ಕ, ಅದು ಬೇಡ್ವಾ?”

“ನಂದು ನಂಗೆ ಗೊತ್ತಿತ್ತು ಸಾಬ್ರೆ.”