ಎಲೆಯೊಳಗೆ ನನ್ನ ಹೆಸರು

ಮೆಹಂದಿ ವಾಸನೆ ಬಂದರೆ ಸಾಕು, ಇವತ್ತಿಗೂ ನಾನು ಶಿವಾಜಿನಗರದ ಆ ಮನೆಯಲ್ಲಿರುತ್ತೇನೆ.

ಮರುದಿನ ಅಕ್ಕನ ನಿಕಾಹ್. ಅವಳ ಅಂಗೈಗೆ ನಾನು ಮೆಹಂದಿ ಹಾಕುತ್ತಿದ್ದೆ, ಟೀವಿಯಲ್ಲಿ ಹಳೇ ಕಾರ್ಟೂನು ಬರುತ್ತಿತ್ತು. ಶುರುವಿನಲ್ಲಿ ತೋರಿಸಿದ ಕಲಾವಿದರ ಹೆಸರುಗಳೇ ಬೆಕ್ಕು ಓಡುವ ಬೀದಿಯ ಅಂಗಡಿ ಬೋರ್ಡುಗಳ ಮೇಲೂ ಇದ್ದವು. ಚಿತ್ರ ಬರೆದವರು ತಮ್ಮನ್ನು ತಾವೇ ಅಲ್ಲಿ ಬಚ್ಚಿಟ್ಟಿದ್ದರು!

"ಮದುಮಗನ ಹೆಸರು ಬಳ್ಳಿಯೊಳಗೆ ಬಚ್ಚಿಡು, ನಾಳೆ ಅವ್ನು ಹುಡುಕ್ಬೇಕು," ಎಂದರು ಖಾಲಾ, ಅಮ್ಮನ ಅಕ್ಕ. ಬಚ್ಚಿಟ್ಟೆ. ಪಕ್ಕದ ಎಲೆಯೊಳಗೆ ನನ್ನ ಹೆಸರನ್ನೂ ಬರೆದೆ.

ಅದು ಖಾಲಾ ಕಣ್ಣಿಗೆ ಬಿತ್ತು. "ನಿಂದ್ಯಾಕೆ ಇಲ್ಲಿ? ಒರೆಸು!"

"ಒರ್ಸಲ್ಲ. ಬರ್ದಿದ್ದು ನಾನು."

ಖಾಲಾ ಒದ್ದೆ ಬಟ್ಟೆ ತಂದರು. ಅಕ್ಕ ಕೈ ಹಿಂದಕ್ಕೆಳೆದುಕೊಂಡಳು. "ಒಣಗ್ಹೋಯ್ತು ಖಾಲಾ, ಇನ್ನು ಹೋಗಲ್ಲ."

ಮೆಹಂದಿ ಇನ್ನೂ ಹಸಿಹಸಿಯಾಗಿತ್ತು.